ಹಳೆಯ ಹೇಂಟೆಗಳೂ ಹೊಸ ಮರಿಗಳೂ

ಅಮರಸಿಂಹನು ತನ್ನ ಕೋಶದಲ್ಲಿ ಕೋಳಿಗೆ ನಾಲ್ಕು ಹೆಸರುಗಳನ್ನು ಹೇಳಿರುವನು. ಕುಕ್ಕುಟವೆಂಬುದು ಎಲ್ಲರೂ ಬಲ್ಲ ಹೆಸರು. ತಾಮ್ರದಂತೆ ಕೆಂಪಾದ ಜುಟ್ಟುಳ್ಳದ್ದಾದುದರಿಂದ ತಾಮ್ರಚೂಡ. ಕಾಲನ್ನೇ ಆಯುಧವಾಗಿ ಉಳ್ಳದ್ದಾದುದರಿಂದ ಚರಣಾಯುಧ. ಕೊರಳಿನಿಂದ ಹೊರಡುವ ಧ್ವನಿಯ ಕಾರಣದಿಂದ ಕೃಕವಾಕು. ಪಾಣಿನಿಯು ಹ್ರಸ್ವ, ದೀರ್ಘ, ಪ್ಲುತಗಳ ಅಳತೆಯನ್ನು ತಿಳಿಸುವುದಕ್ಕೆ ಉಕಾರವನ್ನೇ ಆರಿಸಿಕೊಂಡುದಕ್ಕೆ ಕೋಳಿಯ ಕೂಗೇ ಕಾರಣವೆಂದು ವ್ಯಾಕರಣಪಾಠ ಹೇಳುವ ಪಂಡಿತರು ಹೇಳುವುದುಂಟು. ಚಾಣಕ್ಯನ ಹೆಸರಿನ ನೀತಿಗ್ರಂಥವಾದರೋ, ಹೊತ್ತಿಗೆ ಮುಂಚೆ ಏಳುವುದು, ಹಿಂಜರಿಯದೆ ಕಾದುವುದು, ಬಂಧುಗಳಿಗೆ ಪಾಲು ಕೊಡುವುದು, ತಾನೇ ಸಂಪಾದಿಸಿ ಉಣ್ಣುವುದು ಎಂಬ ನಾಲ್ಕು ಗುಣಗಳನ್ನು ಕೋಳಿಯಿಂದ ಕಲಿಯಬೇಕೆಂದು ವಿಧಿಸಿರುವುದು. ಆದರೆ ವಾಚಕರು ಗಮನಿಸಬೇಕು: ಇದೆಲ್ಲವೂ ಹುಂಜನ ಸ್ತುತಿ. ಮನೆಗೆ ತತ್ತಿಯನ್ನು ಕೊಡುವ, ಮರಿಯನ್ನು ಸಾಕುವ, ಹಿತ್ತಲಿನ ಹುಳುಹುಪ್ಪಟೆಯನ್ನು ಆರಿಸುವ ಹೇಂಟೆಯ ಮಾತು ಇಲ್ಲಿ ಬಂದೇ ಇಲ್ಲ. ಈ ತಿಂಗಳು ಆಕೆಯ ವಿಷಯವಾಗಿಯೇ ನಾಲ್ಕು ಮಾತುಗಳನ್ನು ಬರೆಯಬೇಕೆಂದು ನಮ್ಮ ಇಚ್ಛೆ.

ಇದು ಕ್ಷುದ್ರವಿಷಯವೆಂದು ಯಾರೂ ಭಾವಿಸಬಾರದು. 2019ರ ಇಪ್ಪತ್ತನೆಯ ಜಾನುವಾರು ಗಣತಿಯಂತೆ ನಮ್ಮ ದೇಶದಲ್ಲಿದ್ದ ಕೋಳಿ ಮೊದಲಾದ ಸಾಕುಹಕ್ಕಿಗಳು 85 ಕೋಟಿಗೂ ಮಿಕ್ಕಿದ್ದುವು. ಅವುಗಳಲ್ಲಿ ಹಿತ್ತಲಿನಲ್ಲಿಯೇ ಬೆಳೆದವು ಸುಮಾರು 31.7 ಕೋಟಿ. ನಮ್ಮ ದಾವಣಗೆರೆಯ ಕಡೆ ಭದ್ರಾ ನಾಲೆಯ ನೀರಿನಿಂದ ಬತ್ತವೂ, ಮಳೆಯ ಹೊಲಗಳಲ್ಲಿ ಮೆಕ್ಕೆಜೋಳವೂ ಯಥೇಚ್ಛವಾಗಿ ಬೆಳೆಯುವುದರಿಂದ ನುಚ್ಚಿಗೂ ತೌಡಿಗೂ ಕೊರತೆಯಿಲ್ಲ. ಹತ್ತಿಗಿರಣಿಗಳ ವೈಭವದ ಕಾಲವು ಮುಗಿದಿದ್ದರೂ ಹಳೆಯ ಕೇರಿಗಳಲ್ಲಿ ನಾಲ್ಕಾರು ಜವಾರಿ ಕೋಳಿಗಳಿಲ್ಲದ ಹಿತ್ತಲು ಇಂದಿಗೂ ಅಪರೂಪ. ಎಷ್ಟೋ ಮನೆಗಳಲ್ಲಿ ಯಜಮಾನನಿಗೆ ಲೆಕ್ಕ ಒಪ್ಪಿಸಬೇಕಾಗಿಲ್ಲದ, ಗೃಹಿಣಿಯ ಕೈಯಲ್ಲಿಯೇ ಉಳಿಯುವ ಹಣವೆಂದರೆ ಈ ತತ್ತಿಯ ಹಣವೊಂದೇ.

ಕಳೆದ ಮಳೆಗಾಲದ ಕೊನೆಯಲ್ಲಿ ನಮ್ಮ ಹಳೆಯ ಶಿಷ್ಯನೊಬ್ಬನ ತಾಯಿ ಹರಿಹರದಿಂದ ಬಂದಿದ್ದರು. ಆಕೆ ವಿಧವೆ, ಮೊಮ್ಮಗಳ ಪುಸ್ತಕ, ಬಸ್ಸಿನ ಚೀಟಿ ಮೊದಲಾದ ವೆಚ್ಚಗಳನ್ನು ಕೋಳಿಗಳಿಂದಲೇ ನಡೆಸುತ್ತಿದ್ದವರು. ಅದಕ್ಕೆ ಎರಡು ತಿಂಗಳು ಮುಂಚೆ ಕೊಕ್ಕರೆರೋಗವು ಹೊಕ್ಕು, ಹದಿನೆಂಟು ಕೋಳಿಗಳಲ್ಲಿ ಮೂರು ಹೇಂಟೆಗಳನ್ನು ಮಾತ್ರ ಉಳಿಸಿ ಹೋಗಿದ್ದಿತು. ಆಕೆ ಧೈರ್ಯಗೆಡದೆ ಸಂಘದಿಂದ ಸಾಲವೆತ್ತಿ, ಹದಿನೈದು ದಿನದ ಇಪ್ಪತ್ತು ಮರಿಗಳನ್ನು ತಂದು, ಆ ಸಂಜೆಯೇ ಹಳೆಯ ಕೋಳಿಗಳ ನಡುವೆ ಬಿಟ್ಟರು. ಮರುದಿನ ಹೊತ್ತೇರುವಷ್ಟರಲ್ಲಿ ನಾಲ್ಕು ಮರಿಗಳು ತಲೆ ಒಡೆದು ಸತ್ತುಬಿದ್ದಿದ್ದುವು. ಉಳಿದ ಹದಿನಾರನ್ನು ಬುಟ್ಟಿಯ ಕೆಳಗೆ ಕವುಚಿಹಾಕಿ ಆಕೆ ನಮ್ಮಲ್ಲಿಗೆ ಬಂದುದಾಗಿತ್ತು.

“ಅವೂ ಕೋಳಿನೇ, ಇವೂ ಕೋಳಿನೇ ಅಲ್ಲೇನ್ರೀ ಮೇಷ್ಟ್ರೇ? ತಮ್ಮ ಜಾತಿ ಕೂಸನ್ನೇ ಹಿಂಗ್ ಕುಕ್ಕಿ ಕೊಲ್ತಾವಂದ್ರೆ ಇವು ಎಂಥವು?” ಎಂದು ಆಕೆ ಕಣ್ಣೊರಸಿಕೊಂಡರು.

“ಅವು ಕೆಟ್ಟವಲ್ಲ ತಾಯೀ, ಪರಿಚಯವಿಲ್ಲದವು. ಬೆರೆಸುವುದಕ್ಕೆ ಒಂದು ಕ್ರಮವುಂಟು” ಎಂದೆವು.

ತಾಯಿಕೋಳಿ ತುಳಿದು ಮರಿ ಸಾಯದೆಂಬ ಮಾತು ನಮ್ಮಲ್ಲಿ ಬಳಕೆಯಲ್ಲಿರುವುದು. ಮಾತು ಸತ್ಯವೇ. ಆದರೆ ಅದು ತಾಯಿಯ ವಿಷಯದಲ್ಲಿ ಆಡಿದ ಮಾತೇ ಹೊರತು ಹೇಂಟೆಗಳೆಲ್ಲದರ ವಿಷಯದಲ್ಲಿ ಆಡಿದುದಲ್ಲ. 2011ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾಲಯದ ಪಂಡಿತರು ತಾಯಿಕೋಳಿಯ ಕಣ್ಣೆದುರಿಗೆ ಮರಿಗಳ ಮೇಲೆ ಗಾಳಿಯನ್ನು ಊದಿ ಪರೀಕ್ಷಿಸಿದರು. ಮರಿಗಳಿಗಾದ ಸ್ವಲ್ಪ ಗಾಬರಿಗೇ ತಾಯಿಯ ಎದೆಬಡಿತವು ಹೆಚ್ಚಿತು. ಅದು ಕತ್ತೆತ್ತಿ ಎಚ್ಚೆತ್ತು ಮರಿಗಳನ್ನು ಕರೆಯತೊಡಗಿತು. ಇಂತಹ ವಾತ್ಸಲ್ಯವುಳ್ಳ ಪ್ರಾಣಿಯೇ ಅನ್ಯರ ಮರಿಯನ್ನು ಕೊಲ್ಲುವುದೆಂದರೆ ವಿರೋಧವೆಂದು ತೋರುವುದು. ಈ ವಿರೋಧವನ್ನು ಪರಿಹರಿಸಿಕೊಳ್ಳುವುದಕ್ಕೆ ಹೇಂಟೆಗಳ ಸ್ವಭಾವವನ್ನು ತಿಳಿಯಬೇಕು.

ನಮ್ಮ ಹಿತ್ತಲಿನಲ್ಲಿ ಐದು ಹೇಂಟೆಗಳಿರುವುವು. ಮೊಮ್ಮಕ್ಕಳೇ ಅವುಗಳಿಗೆ ನಾಮಕರಣ ಮಾಡಿರುವರು. ಕೆಂಚವ್ವನು ಎಲ್ಲಕ್ಕೂ ಹಿರಿಯಳು. ನುಚ್ಚನ್ನು ಚೆಲ್ಲಿದೊಡನೆ ಓಡಿಬರುವುದಿಲ್ಲ. ನಿಧಾನವಾಗಿ ಬಂದರೂ ಉಳಿದವು ತಾವಾಗಿಯೇ ದಾರಿ ಬಿಡುವುವು. ಕರಿಯವ್ವನು ವರ್ಷಕ್ಕೆ ಎರಡು ಮೂರು ಬಾರಿ ಕಾವಿಗೆ ಕೂರುವವಳು. ಆ ಇಪ್ಪತ್ತೊಂದು ದಿನಗಳಲ್ಲಿ ಮುಟ್ಟಹೋದರೆ ಪುಕ್ಕವನ್ನೆಲ್ಲ ಉಬ್ಬಿಸಿ ಗುರುಗುಟ್ಟುವಳು. ಮಿಕ್ಕ ದಿನಗಳಲ್ಲಿ ಇವಳಷ್ಟು ಸಾಧು ಬೇರೊಂದಿಲ್ಲ. ಚುಕ್ಕಿಯು ಸಾಹಸಿ, ಅಡಿಗೆಯ ಮನೆಯ ಬಾಗಿಲು ತೆರೆದರೆ ಒಳಕ್ಕೆ, ನೆರೆಯವರ ಬೇಲಿ ಸಡಿಲವಾದರೆ ಆಚೆಗೆ. ಬೂದಿಯು ಗೂಢಚಾರಿ, ತತ್ತಿಯನ್ನು ಗೂಡಿನಲ್ಲಿಡದೆ ಸೌದೆಯ ಒಟ್ಟಿಲಿನ ಹಿಂದೆ ಬಚ್ಚಿಡುವಳು. ಕಡೆಯವಳಾದ ಗಿಡ್ಡಿಯನ್ನು ಉಳಿದ ನಾಲ್ಕೂ ಕುಕ್ಕುವುವು. ಆದಕಾರಣವೇ ಏನೋ, ಮನುಷ್ಯರ ಕೈಯಿಂದ ಕಾಳು ತಿನ್ನುವುದನ್ನು ಎಲ್ಲರಿಗಿಂತ ಮೊದಲು ಕಲಿತವಳು ಆಕೆಯೇ. ಒಂದೇ ಗೂಡು, ಒಂದೇ ಮೇವು. ಸ್ವಭಾವಗಳು ಮಾತ್ರ ಐದು. ನಲವತ್ತು ಮಕ್ಕಳ ತರಗತಿಯನ್ನು ನೋಡಿದವರಿಗೆ ಇದು ಆಶ್ಚರ್ಯವಲ್ಲ.

ಈ ಹಿರಿಕಿರಿಯರ ಕ್ರಮವನ್ನು ಶಾಸ್ತ್ರೀಯವಾಗಿ ಮೊದಲು ಬರೆದವನು ನಾರ್ವೆ ದೇಶದ ಷೆಲ್ಡೆರುಪ್-ಎಬ್ಬೆ ಎಂಬಾತ. ಬಾಲ್ಯದಿಂದಲೇ ಕೋಳಿಗಳನ್ನು ನೋಡುತ್ತ ಬೆಳೆದ ಆತನು 1920ರ ದಶಕದ ಮೊದಲಲ್ಲಿ ಪ್ರಕಟಿಸಿದ ಸಿದ್ಧಾಂತವಿದು: ಗುಂಪಿನ ಪ್ರತಿಯೊಂದು ಕೋಳಿಯೂ ಉಳಿದ ಪ್ರತಿಯೊಂದನ್ನೂ ಗುರುತಿಸುವುದು; ತಾನು ಯಾರನ್ನು ಕುಕ್ಕಬಹುದು, ಯಾರಿಂದ ಕುಕ್ಕಿಸಿಕೊಳ್ಳಬೇಕು ಎಂಬುದನ್ನು ನೆನಪಿನಲ್ಲಿಡುವುದು. ಈ ಪಂಕ್ತಿಯು ಒಮ್ಮೆ ನಿಶ್ಚಯವಾದರೆ ಜಗಳವು ಅಡಗುವುದು. ಕತ್ತಿನ ಒಂದು ಸನ್ನೆಯೇ ಸಾಕಾಗುವುದು. ಹೊಸದೊಂದು ಬಂದೊಡನೆಯೇ ಪಂಕ್ತಿಯೆಲ್ಲವೂ ಕಲಕುವುದು. ಹೊಸಬನಿಗೆ ಸ್ಥಾನವಿಲ್ಲ, ಸ್ಥಾನವಿಲ್ಲದವನನ್ನು ಎಲ್ಲರೂ ಕುಕ್ಕುವರು. ಬೆಳೆದ ಕೋಳಿಯಾದರೆ ಎರಡು ಪೆಟ್ಟು ಕೊಟ್ಟು, ನಾಲ್ಕು ಪೆಟ್ಟು ತಿಂದು ಜಾಗವನ್ನು ಸಂಪಾದಿಸಿಕೊಳ್ಳುವುದು. ಎಳೆಯ ಮರಿಗೆ ತಿರುಗಿ ನಿಲ್ಲುವ ಬಲವಿಲ್ಲ, ತಪ್ಪಿಸಿಕೊಳ್ಳುವ ದಾರಿ ತಿಳಿಯದು; ಎಲ್ಲರಿಗೂ ಸಾಧಾರಣವಾದ ಪೆಟ್ಟೇ ಅದಕ್ಕೆ ಮೃತ್ಯುವಾಗುವುದು. ಹರಿಹರದಲ್ಲಿ ನಡೆದುದು ಇಷ್ಟೇ.

ಆದುದರಿಂದ ಮರಿಗಳನ್ನು ತರುವವರು ಅನುಸರಿಸತಕ್ಕ ಕ್ರಮವನ್ನು ಇಲ್ಲಿ ಹೇಳುವೆವು.

ಮೊದಲನೆಯದು, ರೋಗದ ವಿಚಾರ. ರೋಗ ಬಂದುಹೋದ ಗೂಡನ್ನು ಕೆರೆದು, ತೊಳೆದು, ಸುಣ್ಣ ಬಳಿದು, ಬಿಸಿಲಿಗೆ ಬಿಡದೆ ಹೊಸ ಮರಿಯನ್ನು ಒಳಕ್ಕೆ ಬಿಡಕೂಡದು. ರಾಣಿಖೇತ್ ಎಂಬ ಬೆಟ್ಟದೂರಿನ ಹೆಸರಿನಿಂದಲೂ ಕರೆಯಿಸಿಕೊಳ್ಳುವ ಕೊಕ್ಕರೆರೋಗಕ್ಕೆ ಚಿಕಿತ್ಸೆಯಿಲ್ಲ, ಲಸಿಕೆಯೊಂದೇ ಗತಿ. ಮರಿಗೆ ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಒಂದು ಹನಿ, ಎಂಟು ವಾರಗಳ ಸುಮಾರಿಗೆ ಒಂದು ಚುಚ್ಚುಮದ್ದು. ಪಶುವೈದ್ಯಶಾಲೆಯಲ್ಲಿ ವಿಚಾರಿಸಿದರೆ ವಿವರವಾಗಿ ಹೇಳುವರು. ಹೊರಗಿನಿಂದ ತಂದ ಹಕ್ಕಿ ಎಷ್ಟೇ ಲಕ್ಷಣವಾಗಿದ್ದರೂ ಎರಡು ಮೂರು ವಾರ ಪ್ರತ್ಯೇಕವಾಗಿಟ್ಟು ನೋಡತಕ್ಕದ್ದು. ಬೀದಿಯಲ್ಲಿ ಗುಲಾಬಿ, ಹಸುರು ಬಣ್ಣಗಳನ್ನು ಹಚ್ಚಿ ಮಾರುವ ಮರಿಗಳನ್ನು ಮಕ್ಕಳ ಹಟಕ್ಕಾಗಿ ಕೊಳ್ಳುವುದು ಬೇಡ, ಅವು ಸಾಮಾನ್ಯವಾಗಿ ತತ್ತಿಕೋಳಿಯ ತಳಿಯಲ್ಲಿ ಬೇಡವೆಂದು ಬಿಟ್ಟ ಗಂಡುಮರಿಗಳು, ಬಹಳವು ಬದುಕುವುದಿಲ್ಲ.

ಎರಡನೆಯದು, ಕಾವಿನ ವಿಚಾರ. ತಾಯಿಯಿಲ್ಲದ ಮರಿಗೆ ಮೊದಲ ವಾರ 35 ಡಿಗ್ರಿ ಸೆಲ್ಸಿಯಸ್ಸಿನಷ್ಟು ಬೆಚ್ಚಗೆ ಇರಬೇಕು. ಅನಂತರ ವಾರಕ್ಕೆ ಎರಡು ಮೂರು ಡಿಗ್ರಿಯಂತೆ ಇಳಿಸುತ್ತ ಬರಬೇಕು. ಉಷ್ಣಮಾಪಕವಿಲ್ಲದವರು ಮರಿಗಳನ್ನೇ ನೋಡಿದರೆ ಸಾಕು. ದೀಪದ ಕೆಳಗೆ ಒಂದರ ಮೇಲೊಂದು ಮುದ್ದೆಯಾದರೆ ಚಳಿ. ಬಾಯಿ ತೆರೆದು ದೂರ ಸರಿದರೆ ಸೆಖೆ. ಹರಡಿಕೊಂಡು ಮೆಲ್ಲನೆ ಚಿಂವ್‌ಗುಟ್ಟುತ್ತಿದ್ದರೆ ಸರಿಯಾಗಿದೆಯೆಂದು ಅರ್ಥ. ನೀರಿನ ತಟ್ಟೆ ಆಳವಾಗಿರಬಾರದು. ನಾಲ್ಕು ಬೆಣಚುಕಲ್ಲುಗಳನ್ನು ಹಾಕಿದರೆ ಮರಿ ಮುಳುಗುವ ಭಯವಿಲ್ಲ.

ಮೂರನೆಯದು, ಸಾಕುತಾಯಿಯ ಉಪಾಯ. ಕಾವಿಗೆ ಕುಳಿತ ಜವಾರಿ ಹೇಂಟೆಯಿದ್ದರೆ, ಒಡೆದು ಒಂದೆರಡು ದಿನವಾದ ಮರಿಗಳನ್ನು ರಾತ್ರಿ ಕತ್ತಲೆಯಲ್ಲಿ ಮೆಲ್ಲನೆ ಅದರ ಹೊಟ್ಟೆಯ ಕೆಳಗೆ ಸೇರಿಸಬಹುದು. ಬೆಳಗಾಗುವಷ್ಟರಲ್ಲಿ ಅದು ಅವುಗಳ ಧ್ವನಿಯನ್ನು ಕೇಳಿ ತನ್ನವೆಂದೇ ಒಪ್ಪಿಕೊಳ್ಳುವುದುಂಟು. ಆದರೂ ಬೆಳಗ್ಗೆ ಬೇಗ ಎದ್ದು ನೋಡಬೇಕು. ಎಲ್ಲ ಹೇಂಟೆಗಳೂ ಒಪ್ಪುವುದಿಲ್ಲ. ಹೆಬ್ಬಾಳದ ಪಶುವೈದ್ಯ ವಿದ್ಯಾಲಯದಲ್ಲಿ ರೂಪುಗೊಂಡ ಗಿರಿರಾಜದಂತಹ ತಳಿಗಳು ತೂಕಕ್ಕೂ ತತ್ತಿಗೂ ಹೆಸರಾಗಿದ್ದರೂ ಕಾವಿಗೆ ಕೂರುವ ಗುಣ ಅವುಗಳಲ್ಲಿ ಕಡಿಮೆ. ಈ ಕೆಲಸಕ್ಕೆ ಜವಾರಿಯೇ ಬೇಕು. ಹದಿನೈದು ದಿನವಾದ ಮರಿಗಳಿಗೆ ಮಾತ್ರ ಈ ಉಪಾಯವು ಸಲ್ಲದು. ಆ ವೇಳೆಗೆ ಮರಿಯೂ ತಾಯಿಯನ್ನು ಅರಸದು, ಹೇಂಟೆಯೂ ಮರಿಯೆಂದು ನಂಬದು.

ಆದಕಾರಣ ನಾಲ್ಕನೆಯದೇ ಮುಖ್ಯವಾದುದು: ನೋಡಲಿ, ಮುಟ್ಟದಿರಲಿ. ಗೂಡಿನ ನಡುವೆ ತಂತಿಯ ಜಾಲರಿಯನ್ನು ಕಟ್ಟಿ, ಒಂದು ಕಡೆ ಹಳೆಯವು, ಒಂದು ಕಡೆ ಹೊಸವು ಇರುವಂತೆ ಮಾಡಬೇಕು. ಹರಿಹರದ ಆ ತಾಯಿಗೆ ಇದನ್ನು ತಿಳಿಸುವುದು ನಮಗೆ ಸುಲಭವಾಯಿತು. ಹೊಯ್ಸಳ ದಂಡನಾಯಕ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ಅವರೂರಿನ ದೇವಾಲಯದಲ್ಲಿ ಬಲಗಡೆ ಹರನೂ ಎಡಗಡೆ ಹರಿಯೂ ಒಂದೇ ಮೂರ್ತಿಯಲ್ಲಿ ನಿಂತಿರುವರಷ್ಟೆ. ನಿಮ್ಮ ಗೂಡೂ ಕೆಲವು ಕಾಲ ಹಾಗೆಯೇ ಇರಲಿ ಎಂದೆವು. ಆಕೆ ನಕ್ಕರು. ಜಾಲರಿಯ ಎರಡು ಬದಿಯಲ್ಲಿಯೂ ಮೇವಿನ ತಟ್ಟೆಗಳನ್ನು ಹತ್ತಿರ ಹತ್ತಿರ ಇಟ್ಟರೆ, ಎದುರುಬದುರಾಗಿ ತಿನ್ನುತ್ತ ಪರಸ್ಪರ ಮುಖಪರಿಚಯವಾಗುವುದು. ಮರಿಗಳು ಪುಕ್ಕ ತುಂಬಿ, ಮೈಕಟ್ಟಿನಲ್ಲಿ ಹಳೆಯವುಗಳಿಗೆ ಅಷ್ಟಿಷ್ಟು ಸಮೀಪವಾಗುವ ತನಕ, ಎಂದರೆ ಸುಮಾರು ಎರಡೂವರೆ ಮೂರು ತಿಂಗಳು ತುಂಬುವ ತನಕ, ಜಾಲರಿಯನ್ನು ತೆಗೆಯಬಾರದು.

ತೆಗೆಯುವ ದಿನವೂ ಕೆಲವು ನಿಯಮಗಳುಂಟು. ಒಂದೊಂದನ್ನೇ ಬಿಡಬಾರದು, ಒಂಟಿಯಾದುದರ ಮೇಲೆ ಎಲ್ಲವೂ ಬೀಳುವುವು. ಗೂಡಿನಲ್ಲಿ ಬಿಡದೆ ಬಯಲಿನಲ್ಲಿ, ಸಂಜೆಯ ಮೇವಿನ ಹೊತ್ತಿಗೆ, ಮೂರು ನಾಲ್ಕು ಕಡೆ ಕಾಳು ಚೆಲ್ಲಿ ಬಿಡಬೇಕು. ಮೂಲೆಯಲ್ಲಿ ಚಿಕ್ಕವು ಮಾತ್ರ ನುಸುಳಬಲ್ಲ ಒಂದು ಕಿಂಡಿಯ ಮರೆ ಇರಲಿ. ಒಂದೆರಡು ಕುಕ್ಕುಗಳನ್ನು ಕಂಡು ನಡುವೆ ಹೋಗಬಾರದು. ಪಂಕ್ತಿ ನಿಶ್ಚಯವಾಗಬೇಕಾದರೆ ಅಷ್ಟು ಆಗಲೇಬೇಕು. ಆದರೆ ರಕ್ತ ಕಂಡಿತೆಂದರೆ ಕ್ಷಣವೂ ತಡಮಾಡದೆ ಗಾಯಗೊಂಡುದನ್ನು ಬೇರ್ಪಡಿಸಿ, ಅರಿಶಿನ ಹಚ್ಚಿ, ಗಾಯ ಮಾದ ಮೇಲೆಯೇ ಬಿಡತಕ್ಕದ್ದು. ಕೆಂಪು ಬಣ್ಣವು ಮಿಕ್ಕ ಕೋಳಿಗಳನ್ನು ಮತ್ತೆ ಮತ್ತೆ ಕುಕ್ಕುವಂತೆ ಪ್ರೇರಿಸುವುದು. ತತ್ತಿಯಿಡುವ ಹೇಂಟೆಗಳಿಗೆ ಹಾಕುವ ಸುಣ್ಣದಂಶದ ಮೇವು ಮರಿಗಳ ಮೂತ್ರಪಿಂಡಕ್ಕೆ ಕೆಡಕು. ಎಲ್ಲಕ್ಕೂ ಮರಿಗಳ ಮೇವನ್ನೇ ಹಾಕಿ, ದೊಡ್ಡವಕ್ಕೆ ಕಪ್ಪೆಚಿಪ್ಪಿನ ಚೂರನ್ನು ಪ್ರತ್ಯೇಕವಾಗಿಡುವುದು ಲೇಸು.

ಆ ತಾಯಿ ಇದೆಲ್ಲವನ್ನೂ ತಪ್ಪದೆ ನಡೆಸಿದರು. ಹದಿನಾರರಲ್ಲಿ ಒಂದನ್ನು ಹದ್ದು ಒಯ್ದಿತು. ಒಂದು ಮೊದಲಿನ ಪೆಟ್ಟಿನಿಂದ ಚೇತರಿಸಿಕೊಳ್ಳಲಿಲ್ಲ. ಹದಿನಾಲ್ಕು ಉಳಿದುವು. ಅವುಗಳಲ್ಲಿ ಹುಂಜಗಳನ್ನು ಮಾರಿ ಸಂಘದ ಕಂತುಗಳನ್ನು ಕಟ್ಟಿದರು. ಎಂಟು ಹೇಂಟೆಗಳು ಈ ಚೈತ್ರದಲ್ಲಿ ಮೊದಲ ತತ್ತಿಗಳನ್ನಿಟ್ಟುವು. ಮೊಮ್ಮಗಳು ಮುಂದಿನ ತರಗತಿಗೆ ಸೇರುವಳು. ಮರಿಗಳನ್ನು ಕೊಂದ ಆ ಮೂರು ಹಳೆಯ ಹೇಂಟೆಗಳನ್ನು ಮಾರಿಬಿಡಬೇಕೆಂದು ನೆರೆಯವರು ಹೇಳಿದ್ದರಂತೆ, ಆಕೆ ಮಾರಲಿಲ್ಲ. ಅವುಗಳಲ್ಲಿ ಒಂದು ಈಗ ಕಾವಿಗೆ ಕುಳಿತಿರುವುದು. ಅದರ ಕೆಳಗಿರುವ ಹನ್ನೊಂದು ತತ್ತಿಗಳೂ ಹೊಸ ಹೇಂಟೆಗಳವು.

ಮುಂಗಾರು ಹತ್ತಿರವಾಯಿತು. ಮರಿ ಕೊಳ್ಳುವ ಆಲೋಚನೆಯುಳ್ಳ ಗೃಹಿಣಿಯರು ಮೊದಲು ನಾಲ್ಕು ದಿನ ಸಂಜೆಯ ಹೊತ್ತು ಹಿತ್ತಲಿನಲ್ಲಿ ಅರ್ಧ ಗಂಟೆ ಕುಳಿತು, ತಮ್ಮ ಕೋಳಿಗಳಲ್ಲಿ ಮೊದಲು ತಿನ್ನುವುದು ಯಾವುದು, ದಾರಿ ಬಿಡುವುದು ಯಾವುದು, ಕೊನೆಗೆ ಉಳಿಯುವುದು ಯಾವುದು ಎಂದು ನೋಡಿಕೊಳ್ಳಲಿ. ಮಕ್ಕಳನ್ನೂ ಜೊತೆಗೆ ಕೂರಿಸಿಕೊಳ್ಳಲಿ. ಬಲಹೀನರು ಸೇರಬೇಕಾದ ಕಡೆ ಬಲವುಳ್ಳವರಿಗೆ ಎಷ್ಟು ಕಾಲ, ಎಷ್ಟು ಅಂತರ ಕೊಡಬೇಕೆಂಬ ಪಾಠವು ಅವರಿಗೂ ಬೇಕಾದುದೇ. ಜಾಲರಿಯನ್ನು ಮರಿಗಳು ಬರುವ ಮುಂಚೆಯೇ ಕಟ್ಟಿರಲಿ.