ಗಂಟಲು ದೇವರು ಕೊಟ್ಟಾನ, ಫೀ ಯಾರು ಕೊಡ್ತಾರ?

1/6
ಫೋಟೊ: ಮೀರಜ್, ತಂಬೂರಿ ಅಂಗಡಿ

ನಿನ್ನೆ ಇದನ್ನ ಸ್ಟೋರಿಗೆ ಹಾಕಿದಾಗ ಮೂರು ಜನ "ಇದೇನು ಕುಂಬಳಕಾಯಿ ಸಂತಿ ಏನೋ" ಅಂತ ಕೇಳಿದ್ರಿ. ಖರೇನ ಕಾಯಿನ ಅವು. ಅಲ್ಲಿ ಭೋಪಳಾ ಅಂತಾರ. ಒಣಗಿಸಿ, ಒಳಗಿಂದೆಲ್ಲ ತಗದು, ಮ್ಯಾಲೆ ಕಟ್ಟಿಗೆ ಕೂಡಿಸಿ ತಂಬೂರಿ, ಸಿತಾರ ಮಾಡ್ತಾರ. ಹಿಂದಕ್ಕ ಆಯುಧ ಮಾಡತಿದ್ದ ಶಿಕಲಗಾರ ಮನೆತನದವರು ಆ ಧಂದೆ ಕಡಿಮಿ ಆದ ಮ್ಯಾಲೆ ಈ ಕೆಲಸಕ್ಕ ಬಂದವರು. 2024ರಾಗ ಮೀರಜ್‌ನ ಸಿತಾರಕ್ಕ, ತಂಬೂರಿಗೆ ಜಿಐ ಟ್ಯಾಗ್ ಸಿಕ್ಕೈತಿ.

ಕಬ್ಬೂರಿಂದ ಮೀರಜ್ ಅಂದ್ರ ಮುಂಜಾನೆ ಹೋಗಿ ಸಂಜಿಗೆ ಮನಿ ಮುಟ್ಟೋ ಹಾದಿ. ನಾವು ಅಲ್ಲಿಗೆ ಹೋಗೋದು ದವಾಖಾನೆಗೆ, ಇಲ್ಲಾ ರೈಲು ಹಿಡಿಯಾಕ. ಆದ್ರ ದೇಶದಾಗ ಯಾವ ಮೂಲ್ಯಾಗ ಹಿಂದೂಸ್ತಾನಿ ಕಛೇರಿ ನಡೆದ್ರೂ ಹಾಡೋರ ಹಿಂದ ಇರೋ ತಂಬೂರಿ ಈ ಓಣಿಯಿಂದನ ಹೋಗಿರೋ ಸಾಧ್ಯತೆ ಭಾಳ ಐತಿ.

ಮತ್ತ ಹಾಡೋರು? ಅವರೂ ಭಾಳ ಮಂದಿ ನಮ್ಮ ಕಡೆಯವರನ. ಭೀಮಸೇನ ಜೋಶಿ, ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಕುಮಾರ ಗಂಧರ್ವ, ಬಸವರಾಜ ರಾಜಗುರು. ಇವರ ಫೋಟೊ ಹಾಕಿ "ಉತ್ತರ ಕರ್ನಾಟಕದ ಮಣ್ಣಿನ ಗುಣ" ಅಂತ ಬರದು, ಬೆಂಕಿ ಇಮೋಜಿ ಹಚ್ಚಿದ ಪೋಸ್ಟ್ ವಾರಕ್ಕೊಂದಾದ್ರೂ ನನ್ನ ಫೀಡಿಗೆ ಬರತೈತಿ. ನೀವೂ ಶೇರ್ ಮಾಡೀರಿ.

ನನ್ನ ತಕರಾರು ಆ "ಮಣ್ಣಿನ ಗುಣ" ಅನ್ನೋ ಮಾತಿನ ಮ್ಯಾಲೆ. ಮಣ್ಣಿಂದ ಕಬ್ಬು ಬರತೈತಿ. ಗವಾಯಿ ಬರಬೇಕಂದ್ರ ಹತ್ತು-ಹದಿನೈದು ವರ್ಷ ಯಾರಾದ್ರೂ ಒಬ್ಬರು ಖರ್ಚು ಹೊರಬೇಕು. ಆ "ಯಾರಾದ್ರೂ" ಯಾರಿದ್ರು ಅನ್ನೋದನ್ನ ಯಾವ ಪೋಸ್ಟೂ ಹೇಳಂಗಿಲ್ಲ.

2/6
ಫೋಟೊ: ರಾಯಬಾಗ ಸ್ಟೇಶನ್

ಈ ಲೈನ್ ನೋಡ್ರಿ, ಮೀರಜ್‌ದಿಂದ ಬೆಳಗಾವಿಗೆ, ಮುಂದ ಧಾರವಾಡ-ಹುಬ್ಬಳ್ಳಿ ಕಡೆಗೆ. ನಮ್ಮ ಸಂಗೀತದ ಅರ್ಧ ಇತಿಹಾಸ ಈ ಹಾದಿ ಮ್ಯಾಲೆನ ಓಡಾಡೈತಿ.

ಉಸ್ತಾದ್ ಅಬ್ದುಲ್ ಕರೀಂ ಖಾನ್ ಹುಟ್ಟಿದ್ದು ದೂರದ ಕೈರಾನಾದಾಗ, ನೆಲೆ ನಿಂತಿದ್ದು ಮೀರಜ್‌ದಾಗ. 1937ರಾಗ ತೀರಿಕೊಂಡ್ರು. ಮೀರಜ್‌ನ ದರ್ಗಾದಾಗ ಈಗಲೂ ವರ್ಷಾ ಅವರ ನೆನಪಿಗೆ ಹಾಡ್ತಾರ. ಅವರ ಶಿಷ್ಯ ಕುಂದಗೋಳದ ರಾಮಚಂದ್ರ, ಅಂದ್ರ ಸವಾಯಿ ಗಂಧರ್ವರು. ಅವರ ಹತ್ರ ಕಲಿತವರು ಭೀಮಸೇನರು, ಗಂಗೂಬಾಯಿಯವರು.

ಇನ್ನೊಬ್ಬರು ಮೀರಜ್‌ನ ನೀಲಕಂಠಬುವಾ. ಇವರ ಹೆಸರಲೆ ರೀಲ್ ಇಲ್ಲ. ಆದ್ರ ಮನ್ಸೂರರು ಸಣ್ಣ ಹುಡುಗ ಇದ್ದಾಗ ನಾಟಕ ಕಂಪನಿಯೊಳಗ ಹಾಡತಿದ್ರು. ಅದನ್ನ ಕೇಳಿ ನೀಲಕಂಠಬುವಾ ಅವರನ್ನ ಶಿಷ್ಯನ್ನ ಮಾಡಿಕೊಂಡು, ಮೀರಜ್‌ದಾಗ ವರ್ಷಗಟ್ಲೆ ಕಲಿಸಿದ್ರು. ಮನ್ಸೂರರ ಹಾಡಿಕಿ ಜೈಪುರ-ಅತ್ರೌಲಿ ಘರಾಣೆಗೆ ತಿರುಗಿದ್ದು ಆಮೇಲೆ, ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್, ಭೂರ್ಜಿ ಖಾನ್ ಹತ್ರ. ಆ ಅಲ್ಲಾದಿಯಾ ಖಾನರು ಇದ್ದದ್ದು ಕೊಲ್ಹಾಪುರದ ಶಾಹೂ ಮಹಾರಾಜರ ಆಶ್ರಯದಾಗ. ಕೊಲ್ಹಾಪುರ ಅಂದ್ರ ನಿಪ್ಪಾಣಿ ದಾಟಿದ್ರ ಬಂತು.

ಈಗ ಇದರಾಗ ರೊಕ್ಕದ ಹಾದಿ ಹುಡುಕ್ರಿ. ನಾಟಕ ಕಂಪನಿ ಹುಡುಗಗ ಊಟ, ಬಟ್ಟಿ ಕೊಟ್ಟು, ರಾತ್ರಿ ಹಾಡಿಸತಿತ್ತು. ಸಂಸ್ಥಾನ ಉಸ್ತಾದರಿಗೆ ಪಗಾರ ಕೊಡತಿತ್ತು. ಟಿಕೀಟು ತಗೊಂಡು ನಾಟಕ ನೋಡಿದ ರೈತರು, ಪ್ಯಾಟಿ ಮಂದಿ ಕಂಪನಿ ಸಾಕಿದ್ರು. ಅಂದ್ರ ಒಬ್ಬ ಮನ್ಸೂರ ತಯಾರಾಗಾಕ ಬಯಲು ನಾಡಿನ ನೂರಾರು ಊರಿನ ಟಿಕೀಟಿನ ರೊಕ್ಕ ಹೋಗೈತಿ. ನಮ್ಮ ಮುತ್ತ್ಯಾಗೋಳು ಕೊಟ್ಟ ರೊಕ್ಕ ಅದು.

3/6
ಫೋಟೊ: ನನ್ನ ಕಾಸ್ಟ್ ಅಕೌಂಟಿಂಗ್ ನೋಟ್‌ಬುಕ್, ಹಿಂದಿನ ಪುಟ

ಬಿಕಾಂ ಓದೋರಿಗೆ ಇದು ಸಸಾರ. ಹಾಡಿಕಿ ಒಂದು ಧಂದೆ ಅಂತ ತಿಳೀರಿ. ಗಿಡಾ ಹಚ್ಚಿದ ಮ್ಯಾಲೆ ಫಲ ಬರೋ ತನಕ ಹದಿನೈದು ವರ್ಷ. ಆ ಹದಿನೈದು ವರ್ಷ ಖರ್ಚಿನ ಕಡೆ ಎಂಟ್ರಿ ಬೀಳ್ತಾವು, ಜಮಾ ಕಡೆ ಸೊನ್ನಿ. ಬ್ಯಾಂಕ್ ಇದಕ್ಕ ಸಾಲ ಕೊಡಂಗಿಲ್ಲ. ಮ್ಯಾಲಾಗಿ ಗಂಟಲು ಕೈ ಕೊಟ್ರ ಎಲ್ಲಾ ಹೋತು.

ಕುಮಾರ ಗಂಧರ್ವರನ್ನ ನೋಡ್ರಿ. ಬೆಳಗಾವಿ ಬಾಜೂಕಿನ ಸುಳೇಭಾವಿಯೊಳಗ 1924ರಾಗ ಹುಟ್ಟಿದವರು, ಖರೇ ಹೆಸರು ಶಿವಪುತ್ರ ಕೋಂಕಾಳಿಮಠ. ಹಾಲು ಹಲ್ಲಿನ ವಯಸ್ಸಿಗೆ ದೊಡ್ಡ ದೊಡ್ಡವರ ರೆಕಾರ್ಡ್ ಕೇಳಿ ಹಂಗಿಂದಹಂಗ ಹಾಡಿ ಮಂದಿ ಬೆರಗಾದ್ರು. ಹನ್ನೊಂದು-ಹನ್ನೆರಡಕ್ಕ ಮುಂಬೈಯೊಳಗ ದೇವಧರ ಮಾಸ್ತರ ಹತ್ರ ಹೋದ್ರು. ಇಪ್ಪತ್ತೆರಡು-ಇಪ್ಪತ್ಮೂರಕ್ಕ ಹೆಸರು, ಕಛೇರಿ ಎಲ್ಲಾ ಬಂದಾಗ ಕ್ಷಯರೋಗ ಬಂತು. 1948ಕ್ಕ ಹವಾ ಚಲೋ ಐತಿ ಅಂತ ಮಧ್ಯಪ್ರದೇಶದ ದೇವಾಸಕ್ಕ ಹೋದ್ರು. ಐದಾರು ವರ್ಷ ಹಾಡಬ್ಯಾಡ ಅಂತ ಡಾಕ್ಟರ್ ಮಾತು. ಒಂದು ಪುಪ್ಪುಸ ಕೆಲಸಕ್ಕ ಬರದಂಗ ಆತು. ಆ ವರ್ಷಗಳಾಗ ಹೆಂಡತಿ ಭಾನುಮತಿಯವರು ಸಾಲಿಯೊಳಗ ಕಲಿಸಿ ಮನಿ ನಡಿಸಿದ್ರು. ತಿರುಗಿ ಹಾಡಾಕ ಕುಂತಾಗ ಆ ಸಣ್ಣ ಸಣ್ಣ ಉಸಿರಿನಾಗನ ಹೊಸಾ ಹಾಡಿಕಿ ಕಟ್ಟಿದ್ರು, ಮಾಳವಾದ ಜನಪದ ತಗೊಂಡ್ರು, ಕಬೀರನ್ನ ಹಾಡಿದ್ರು. ಆ ಸಾಲಿ ಪಗಾರ ಇಲ್ಲದಿದ್ರ ಆ ಹಾಡಿಕಿ ಎಲ್ಲಿಂದ ಬರತಿತ್ತು? ಭಾನುಮತಿಯವರ ಫೋಟೊ ಹಾಕಿದ ಪೋಸ್ಟ್ ನಾ ಇನ್ನೂ ನೋಡಿಲ್ಲ.

ಸಂಸ್ಥಾನ ಹೋದವು, ಕಂಪನಿ ಮುಚ್ಚಿದವು. ಅವುಗಳ ಜಾಗಾಕ್ಕ ರೇಡಿಯೊ ಬಂತು. ಭೀಮಸೇನರು 1943ರಾಗ ಮುಂಬೈಗೆ ಹೋಗಿ ರೇಡಿಯೊ ಕಲಾವಿದ ಆದ್ರು. ಧಾರವಾಡ ಆಕಾಶವಾಣಿ 1950ರ ಜನವರಿಗೆ ಚಾಲೂ ಆತು, ಮನ್ಸೂರರು ಅಲ್ಲಿ ಸಂಗೀತ ಸಲಹೆಗಾರರಿದ್ರು. ಮನ್ಸೂರರಿಗೆ ದೇಶದ ತುಂಬ ದೊಡ್ಡ ಹೆಸರು ಬಂದದ್ದು ವಯಸ್ಸಾದ ಮ್ಯಾಲೆ. ಪದ್ಮಶ್ರೀ 1970ಕ್ಕ, ಅಂದ್ರ ಅರವತ್ತರ ಹತ್ರ. ಅಲ್ಲೀ ತನಕ ಮನಿ ನಡೀಬೇಕಲ್ಲ?

ಈಗಿನವರಾಗ ವೆಂಕಟೇಶ ಕುಮಾರ ಅವರನ್ನ ತಗೋರಿ. ಬಡ ಮನಿತನದ ಹುಡುಗ, ಗದಗಿನ ವೀರೇಶ್ವರ ಪುಣ್ಯಾಶ್ರಮದಾಗ ಪುಟ್ಟರಾಜ ಗವಾಯಿಗಳ ಹತ್ರ ಹತ್ತು ವರ್ಷದ ಮ್ಯಾಲೆ ಇದ್ದು ಕಲಿತ್ರು. ಊಟ, ವಸತಿ, ಪಾಠ ಎಲ್ಲಾ ಆಶ್ರಮದ್ದು. ಆಮೇಲೆ ಧಾರವಾಡದ ಸಂಗೀತ ಕಾಲೇಜಿನಾಗ ಮೂವತ್ತು ವರ್ಷದ ಮ್ಯಾಲೆ ನೌಕರಿ. ಪದ್ಮಶ್ರೀ 2016ರಾಗ. ಆಶ್ರಮ ಆದ್ರೂ ಏನು, ಜೋಳಗಿ ಹಿಡಿದು, ನಾಟಕ ಕಂಪನಿ ಕಟ್ಟಿ ರೊಕ್ಕ ಕೂಡಿಸಿದ್ದು. ಕುರುಡ ಮಕ್ಕಳಿಗೆ, ಬಡವರಿಗೆ ಅನ್ನ ಹಾಕಿ ಹಾಡು ಕಲಿಸಿದ್ದು. ನನ್ನ ಪ್ರಕಾರ ನಮ್ಮ ಕಡೆ ಕಟ್ಟಿದ ಅತಿ ದೊಡ್ಡ ಸಂಸ್ಥೆ ಅದು, ಸಕ್ಕರಿ ಕಾರ್ಖಾನಿಗಳನ್ನ ಹಿಡಿದು ಹೇಳಾತೇನಿ.

4/6
ಫೋಟೊ: ಗಂಗೂಬಾಯಿ ಹಾನಗಲ್, ಲೈಬ್ರರಿ ಪುಸ್ತಕದ ಮುಖಪುಟ

ಹೆಣ್ಣಮಕ್ಕಳ ಲೆಕ್ಕ ಬ್ಯಾರೇನ ಐತಿ.

1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನ ಗೊತ್ತಲ್ಲ, ಗಾಂಧೀಜಿ ಅಧ್ಯಕ್ಷರಾದದ್ದು. ಅಲ್ಲಿ ಸ್ವಾಗತ ಗೀತೆ ಹಾಡಿದ ಹುಡುಗ್ಯಾರೊಳಗ ಹನ್ನೊಂದು ವರ್ಷದ ಗಂಗೂಬಾಯಿ ಒಬ್ರು. ಅಷ್ಟು ದೊಡ್ಡ ಮಂದಿ ಮುಂದ ಹಾಡೋದಕ್ಕ ಅಂಜಿಕಿ ಇರಲಿಲ್ಲ ಅವರಿಗೆ. ಊಟ ಆದ ಮ್ಯಾಲೆ ಜಾತಿ ಹಿಡಿದು ತಮಗೆ ಎಲಿ ತೆಗೆಯಾಕ ಹಚ್ಚತಾರೋ ಏನೋ ಅನ್ನೋ ಅಂಜಿಕಿ ಇತ್ತು.

ಕಲಿತದ್ದು ಐದನೇ ಇಯತ್ತೆ. ಹುಬ್ಬಳ್ಳಿಯಿಂದ ಕುಂದಗೋಳಕ್ಕ ರೈಲಿನಾಗ ಹೋಗಿ ಸವಾಯಿ ಗಂಧರ್ವರ ಹತ್ರ ಕಲಿಯೋದು, ತಿರುಗಿ ಬರೋದು. ಹಾಡೋ ಹೆಣ್ಣಮಗಳು ಅಂತ ಓಣ್ಯಾಗಿನ ಮಂದಿ ಆಡಿದ ಮಾತು ಕೇಳೋದು. ಮುಂದ ಅದೇ ಹಾಡಿಕಿ ಮ್ಯಾಲೆ ಮನಿ ಖರ್ಚು. ಗಂಟಲಿನ ತೊಂದರಿ ಆಗಿ ದನಿ ದಪ್ಪ ಆತು, ಗಂಡಸಿನ ದನಿ ಅಂದ್ರು. ಅದೇ ದನಿನ ಅವರ ಗುರುತು ಆತು.

ಇವತ್ತ ಅವರ ಹೆಸರಿನ ಸಂಗೀತ ವಿಶ್ವವಿದ್ಯಾಲಯ ಐತಿ. ಎಲ್ಲಿ? ಮೈಸೂರಾಗ! ಹುಬ್ಬಳ್ಳಿಯೊಳಗ ಅವರ ಹೆಸರಿನ ಗುರುಕುಲ ಐತಿ, ಅದು ಚಲೋ ಮಾತು. ಚಿಕ್ಕೋಡಿ, ರಾಯಬಾಗ, ಅಥಣಿ ಕಡೆ ಹುಡುಗಿ ಒಬ್ಬಾಕಿ ಚಂದ ಹಾಡಿದ್ರ ಎಲ್ಲಿ ಕಳಸ್ತೀರಿ? ಮನ್ಯಾಗ ಮೈಸೂರಿಗೆ ಕಳಸ್ತಾರಾ?

5/6
ಫೋಟೊ: ಒಂದು ರೀಲಿನ ಸ್ಕ್ರೀನ್‌ಶಾಟ್

ಈ ಹುಡುಗನ್ನ ನಿಮ್ಮಾಗ ಅರ್ಧ ಮಂದಿ ನೋಡೀರಿ. ಯಾಕುಬ್ ಯೂಜೆಫ್ ಓರ್ಲಿನ್‌ಸ್ಕಿ, ಪೋಲೆಂಡಿನಾಂವ, 1990ರಾಗ ಹುಟ್ಟಿದಾಂವ. 2017ರಾಗ ಫ್ರಾನ್ಸಿನ ಒಂದು ಉತ್ಸವದಾಗ ರೇಡಿಯೊಕ್ಕ ಹಾಡಾಕ ಅಂತ ಚಡ್ಡಿ, ಬೂಟು ಹಾಕ್ಕೊಂಡು ಬಂದ. ವಿಡಿಯೊನೂ ಆತು, ಜಗತ್ತೆಲ್ಲ ನೋಡ್ತು. ಹಾಡಿದ್ದು ಮುನ್ನೂರು ವರ್ಷದ ಹಿಂದ ವಿವಾಲ್ಡಿ ಕಟ್ಟಿದ್ದು. ದನಿ ಹೆಣ್ಣಮಕ್ಕಳ ದನಿಯಷ್ಟು ಮ್ಯಾಲೆ ಹೋಗತೈತಿ, ಅದಕ್ಕ ಕೌಂಟರ್‌ಟೆನರ್ ಅಂತಾರ. (ಮನ್ಯಾಗ ತೋರಿಸಿದ್ರ ನಮ್ಮ ಅಜ್ಜಗ ಏನೂ ಆಶ್ಚರ್ಯ ಆಗಲಿಲ್ಲ. "ಕಂಪನಿಯೊಳಗ ಗಂಡಸರ ಸೀರಿ ಉಟ್ಕೊಂಡು ಹಿಂಗ ಹಾಡತಿದ್ರಪಾ" ಅಂದ್ರು.) ಅಂವ ಬ್ರೇಕ್‌ಡಾನ್ಸನೂ ಮಾಡ್ತಾನ. 2024ರ ಪ್ಯಾರಿಸ್ ಒಲಿಂಪಿಕ್ಸ್ ಉದ್ಘಾಟನೆಯೊಳಗ ಎರಡೂ ಮಾಡಿ ತೋರಿಸಿದ.

ಕಾಮೆಂಟಿನಾಗ ನಮ್ಮ ಹುಡುಗೂರು "ಟ್ಯಾಲೆಂಟ್ ಇದ್ರ ಚಡ್ಡಿ ಮ್ಯಾಲೂ ವೈರಲ್ ಆಗಬಹುದು" ಅಂತ ಬರದಿದ್ರು. ಚಡ್ಡಿ ಕಂಡ್ತು, ಅದರ ಹಿಂದಿಂದು ಕಾಣಲಿಲ್ಲ. ಅಂವ ವಾರ್ಸಾದ ಶೋಪ್ಯಾನ್ ಸಂಗೀತ ವಿಶ್ವವಿದ್ಯಾಲಯದಾಗ ಕಲಿತ, ಅದು ಸರ್ಕಾರಿ. ಅಲ್ಲಿನ ದೊಡ್ಡ ಒಪೆರಾ ಥಿಯೇಟರಿನ ಅಕಾಡೆಮಿಯೊಳಗ ತಯಾರಾದ. ಆಮೇಲೆ ನ್ಯೂಯಾರ್ಕಿನ ಜೂಲಿಯಾರ್ಡ್. ವೈರಲ್ ಆಗೋದಕ್ಕಿಂತ ಮೊದಲ ಇಷ್ಟೆಲ್ಲಾ ಆಗಿತ್ತು. ಹಳೇ ಸಂಗೀತ ಹಾಡೋರನ್ನ ಸಾಕಾಕ ಅವರ ಹತ್ರ ಸಾಲಿ, ಥಿಯೇಟರ್, ಉತ್ಸವ, ರೇಡಿಯೊ, ಟಿಕೀಟು ಕೊಂಡು ಬರೋ ಮಂದಿ ಅದಾರ. ನಮ್ಮ ಹತ್ರನೂ ಇವೆಲ್ಲಾ ಬ್ಯಾರೆ ಹೆಸರಲೆ ಇದ್ದವು.

ಟಿಕೀಟಿನ ಮಾತು ಬಂದ್ರ ಪುಣೆ ನೋಡ್ರಿ. ಭೀಮಸೇನರು ತಮ್ಮ ಗುರುವಿನ ಹೆಸರಲೆ 1953ರಾಗ ಚಾಲೂ ಮಾಡಿದ ಸವಾಯಿ ಗಂಧರ್ವ ಉತ್ಸವಕ್ಕ ಅಲ್ಲಿ ಮಂದಿ ರೊಕ್ಕ ಕೊಟ್ಟು ಸಾಲು ಹಚ್ಚತಾರ. ಗುರು ನಮ್ಮವರು, ಶಿಷ್ಯ ನಮ್ಮವರು, ಟಿಕೀಟು ಪುಣೇದ್ದು. ನಮ್ಮ ಕಡೆ ಹಾಡಿಕಿ ಅಂದ್ರ ಪುಕಟ. ಪೆಂಡಾಲ್‌ನವಂಗ ರೊಕ್ಕ, ಮೈಕ್‌ನವಂಗ ರೊಕ್ಕ, ಹಾಡಿದವರಿಗೆ ಶಾಲು.

6/6
ಫೋಟೊ: ಹಾರ್ಮೋನಿಯಂ, ಅಕಿ ಮುಖ ಬ್ಯಾಡ ಅಂದ್ಳು

ಈಗ ನಮ್ಮ ಮಾತು.

ನಮ್ಮ ಬ್ಯಾಚಿನಾಗ ಒಬ್ಬಾಕಿ ಹಾಡ್ತಾಳ. ಗುಡಿ ಭಜನಿಯೊಳಗ ಕೇಳೀರಿ, ಗ್ಯಾದರಿಂಗಿನಾಗ ಎರಡು ವರ್ಷ ಪ್ರಾರ್ಥನಾ ಹಾಡ್ಯಾಳ. ಗಾಂಧರ್ವ ಪರೀಕ್ಷೆ ಕಟ್ಟಾತಾಳ. ಪ್ರಾರಂಭಿಕದಿಂದ ವಿಶಾರದ ಪೂರ್ಣದ ತನಕ ಏಳು ಪರೀಕ್ಷೆ, ಅಕಿ ನಾಕು ಮುಗಿಸ್ಯಾಳ. ಮಾಸ್ತರ ಊರಿಗೆ ವಾರಕ್ಕ ಎರಡು ಸಲ ಬಸ್. ಈ ವರ್ಷ ಮನ್ಯಾಗ ತಮ್ಮನ ಕಾಲೇಜ ಫೀ ಬಂತು, ಅಕಿ ಪಾಠ ನಿಂತು. "ಹಾಡು ಎಲ್ಲಿ ಹೋಗತೈತಿ, ಬ್ಯಾಂಕ್ ಪರೀಕ್ಷೆ ಆದ ಮ್ಯಾಲೆ ಕಲಿಯಾಕ ಬರತೈತಿ" ಅಂತ ಮನಿಯವರು ಅಂದ್ರು. ಅವರನ್ನ ಬೈಯೋ ಹಂಗಿಲ್ಲ. ಅವರ ಲೆಕ್ಕ ಸರಿನ ಐತಿ. ಜಮಾ ಕಡೆ ಏನೂ ಕಾಣವಲ್ದು ಅವರಿಗೆ.

ಆದ್ರ "ಟ್ಯಾಲೆಂಟ್ ಇದ್ರ ಹೆಂಗಾದ್ರೂ ಮ್ಯಾಲೆ ಬರತಾಳ ಬಿಡೋ" ಅಂದವರು ನಮ್ಮ ಕ್ಲಾಸಿನವರ. ಮ್ಯಾಲಿನ ಐದು ಪೋಸ್ಟ್ ಬರದದ್ದು ಅವರ ಸಲುವಾಗಿ. ಹೆಂಗಾದ್ರೂ ಮ್ಯಾಲೆ ಬಂದವರ ಹೆಸರು ಒಂದು ಹೇಳ್ರಿ. ಹನ್ನೊಂದು ವರ್ಷಕ್ಕ ಮನಿ ಬಿಟ್ಟು ಟಿಕೀಟು ಇಲ್ಲದ ರೈಲು ಹತ್ತಿದ ಭೀಮಸೇನರಿಗೂ ಕಡೀಕ ಕುಂದಗೋಳದ ಗುರುವಿನ ಮನಿ ಸಿಕ್ತು, ರೇಡಿಯೊ ಸಿಕ್ತು. ಮತ್ತ ಹುಡುಗಿ ಮನಿ ಬಿಟ್ಟು ರೈಲು ಹತ್ತಿದ್ರ ನಾವು ಏನಂತೀವಿ ಅನ್ನೋದು ನಿಮಗ ಗೊತ್ತೈತಿ.

ಎರಡು ಕೇಳಾತೇನಿ.

ಒಂದು, ಈ ಸಲ ಗ್ಯಾದರಿಂಗಿಗೆ ವರ್ಗಣಿ ಎತ್ತಿದಾಗ ಡಿಜೆಗೆ ತಗದಿಟ್ಟಂಗ ಹಾಡೋರಿಗೆ, ತಬಲಾದವರಿಗೆ ಪಾಕೀಟು ತಗದಿಡ್ರಿ. ಡಿಜೆ ಬ್ಯಾಡ ಅನ್ನವಲ್ಲೆ, ನಾನೂ ಕುಣಿಯಾಂವನ. ಶಾಲಿನ ರೊಕ್ಕ ಪಾಕೀಟಿಗೆ ಹಾಕ್ರಿ ಅಂತೇನಿ, ಅಷ್ಟ.

ಎರಡನೇದು, ಭಿಶಿ. ನಮ್ಮ ಮನ್ಯಾಗ ಅವ್ವಂದಿರು ಹಾಕ್ತಾರಲ್ಲ, ಅದೇ ಭಿಶಿ, ಆದ್ರ ಎತ್ತಾಕಿ ಒಬ್ಬಾಕಿನ. ಹದಿನೈದು ಜನ ತಿಂಗಳಿಗೆ ನೂರು ರೂಪಾಯಿ. ಅಕಿ ಬಸ್ಸಿಂದು, ಮಾಸ್ತರ ಫೀ, ಪರೀಕ್ಷೆ ಫೀ ಅದರಾಗ ಕುಂದರತೈತಿ, ಲೆಕ್ಕ ಹಾಕೇನಿ. ದಾನ ಅನ್ನಬ್ಯಾಡ್ರಿ, ಅಕಿ ಮೊದಲ "ನನಗ ದಾನ ಬ್ಯಾಡ" ಅಂದು ಜಗಳಾ ತಗದಾಳ. ಅದಕ್ಕ ಕರಾರು ಹಿಂಗ: ತಿಂಗಳಿಗೆ ಒಂದು ಸಂಜಿ ನಮ್ಮ ಹದಿನೈದು ಮಂದಿಗೆ ಹಾಡಬೇಕು, ನಾವು ಫೋನು ಕಿಸೇದಾಗ ಇಟ್ಟು ಕೇಳಬೇಕು. ಟಿಕೀಟು ನೂರು ರೂಪಾಯಿ ಅಂತ ತಿಳೀರಿ. ಇದಕ್ಕ ಒಪ್ಪ್ಯಾಳ.

ಲೆಕ್ಕದ ವಹಿ ನನ್ನ ಹತ್ರ ಇರತೈತಿ, ಯಾರು ಯಾವಾಗ ಬೇಕಾದ್ರೂ ನೋಡಬಹುದು. ಇಲ್ಲೀ ತನಕ ಒಂಬತ್ತು ಜನ ಆಗೇವಿ, ಅದರಾಗ ಇಬ್ರು ಹಾಡು ಕೇಳಿದ್ರ ನಿದ್ದಿ ಬರತೈತಿ ಅಂದವರು. ಇನ್ನ ಆರು ಜನ ಬೇಕು. ಬರೋ ಒಂದನೇ ತಾರೀಖಿಗೆ ಮೊದಲನೇ ಕಂತು, ಮೆಸೇಜ್ ಮಾಡ್ರಿ.