ಹಲೀಮಿನ ಹೊಗೆ, ತುಪ್ಪದ ಲೆಕ್ಕ

ಕಾಚಿಗೂಡದ ಮಿತ್ರರೊಬ್ಬರು ರಂಜಾನ್ ಬಂದರೆ ಸಾಕು, ಹಲೀಮ್ ಭಟ್ಟಿ ಕಂಡು ಗೊಣಗುತ್ತಾರೆ: "ಇವ್ರು ಮಾಂಸ ಬಿಟ್ರೆ ಭೂಮಿ ತಣ್ಣಗಾಗುತ್ತೆ ರೀ!" ಕೈಯಲ್ಲಿ ತುಪ್ಪ ಸುರಿಯುವ ಮೈಸೂರುಪಾಕು.

ನಾನೂ ಹುಟ್ಟು ಸಸ್ಯಾಹಾರಿ. ಆದರೆ ಬ್ಯಾಂಕಿನವನು, ಒಂದೇ ಕಡೆಯ ಲೆಕ್ಕ ಒಪ್ಪಲಾರೆ. ಮನುಷ್ಯ ಹೊರಡಿಸುವ ಹಸಿರುಮನೆ ಅನಿಲಗಳಲ್ಲಿ ಶೇ. 14.5 ಜಾನುವಾರುಗಳದ್ದು ಎಂದು ವಿಶ್ವಸಂಸ್ಥೆಯ ಎಫ್‌ಎಒ 2013ರಲ್ಲಿ ಹೇಳಿತಲ್ಲ, ಅದರಲ್ಲಿ ಹಾಲಿನ ಪಾಲೂ ಇದೆ. ಮೀಥೇನ್ ಹೊರಡುವುದು ಮೆಲುಕು ಹಾಕುವ ಹೊಟ್ಟೆಯಿಂದ. ಕುರಿಗೊಂದು, ಕರೆಯುವ ಎಮ್ಮೆಗೊಂದು ಕಾನೂನಿಲ್ಲ. ಹಾಲು ಬತ್ತಿದ ಎಮ್ಮೆ ಕೊನೆಗೆ ಹೋಗುವುದೆಲ್ಲಿಗೆ, ಕೇಳಿದ್ದೀರಾ? (ನಾವು ಉಣ್ಣುವ ಅನ್ನದ್ದೂ ಅಷ್ಟೆ: ನೀರು ನಿಂತ ಗದ್ದೆಯಿಂದಲೂ ಮೀಥೇನೇ.)

ಬೀಫ್ ವಿಪರೀತ ತಿನ್ನುವ ಅಮೆರಿಕದವರು ಕಡಿಮೆ ಮಾಡಿದರೆ ಲಾಭ ಖಂಡಿತ. ಇಲ್ಲಿ ಕೋಳಿ ಬಿಟ್ಟು ಪನೀರ್ ಹಿಡಿದರೆ? ಕೋಳಿ ಮೆಲುಕು ಹಾಕುವುದಿಲ್ಲ ಸ್ವಾಮಿ! ಮಿತ್ರರು ಮೊದಲು ತಮ್ಮ ಮನೆಯ ತಿಂಗಳ ತುಪ್ಪ ಎಣಿಸಲಿ. ನಮ್ಮ ಮನೆಯದು ಎಣಿಸಿದೆ: ಎರಡು ಕಿಲೋ. ಇರುವುದು ನಾಲ್ಕೇ ಜನ.