ಮದುವೆ ಮದ್ದಲ್ಲ

ಪ್ರಾಪ್ತ ವಯಸ್ಕರು ಪರಸ್ಪರ ಒಪ್ಪಿ ನಡೆಸುವ ಸಲಿಂಗ ಸಂಬಂಧ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 6ರಂದು ತೀರ್ಪಿತ್ತಿತು. ಆ ತೀರ್ಪು ನಮ್ಮ ಮನೆಗಳ ಜಗಲಿಗೆ ಇನ್ನೂ ತಲಪಿದಂತಿಲ್ಲ. ಅದರಲ್ಲೂ ಗಂಡು ಹೆಣ್ಣು ಇಬ್ಬರತ್ತಲೂ ಒಲವುಳ್ಳ ಪುರುಷರ ವಿಚಾರವನ್ನು ಎತ್ತುವವರೇ ವಿರಳ.

ಇಂಥವರ ಸಂಕಟ ಇಮ್ಮಡಿಯಾದುದು. ಹೆಣ್ಣಿನಲ್ಲೂ ಮನಸ್ಸಿದೆಯಲ್ಲ, ಮದುವೆ ಮಾಡಿಸಿದರೆ ಎಲ್ಲವೂ ಸರಿಹೋದೀತೆಂದು ಹಿರಿಯರು ಜಾತಕ ಹಿಡಿದು ಹೊರಡುತ್ತಾರೆ. ಸಲಿಂಗಪ್ರೇಮಿಗಳ ನಡುವೆ ಹೋದರೋ, ಇವನು ಸತ್ಯ ಮುಚ್ಚಿಡುವ ಪುಕ್ಕಲನೆಂಬ ಶಂಕೆ. ಅತ್ತಲೂ ಇತ್ತಲೂ ಸಲ್ಲದವನು ಮಾತು ನುಂಗುತ್ತಾನೆ. ಹಾಗೆ ವರ್ಷಗಟ್ಟಲೆ ನುಂಗಿದ್ದು ನಿದ್ದೆಗೇಡಾಗಿ, ಖಿನ್ನತೆಯಾಗಿ, ಕುಡಿತವಾಗಿ ಹೊರಬರುತ್ತದೆ. ಕೆಲವೊಮ್ಮೆ ಪ್ರಾಣಕ್ಕೇ ಎರವಾಗುತ್ತದೆ. ಇನ್ನು, ಏನನ್ನೂ ಅರಿಯದೆ ಕೈಹಿಡಿದು ಬಂದ ಹೆಣ್ಣುಮಗಳ ಬಾಳನ್ನು ಈ 'ಚಿಕಿತ್ಸೆ'ಗೆ ಒಡ್ಡಲು ಹಿರಿಯರಿಗೆ ಯಾವ ಅಧಿಕಾರವಿದೆ?

ಲೈಂಗಿಕ ಒಲವಿನ ಕಾರಣಕ್ಕೆ ಮಾನಸಿಕ ಚಿಕಿತ್ಸೆಯಲ್ಲಿ ತಾರತಮ್ಯ ಕೂಡದೆಂದು 2017ರ ಕಾಯಿದೆ ವಿಧಿಸಿದೆ. ಒಲವನ್ನೇ ಬದಲಿಸುತ್ತೇವೆನ್ನುವ ಚಿಕಿತ್ಸೆ ವೃತ್ತಿ ದುರ್ನಡತೆಯೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಸಾರಿದೆ. ಮಗನನ್ನು ಅಂಥಲ್ಲಿಗೆ ಎಳೆದೊಯ್ಯುವ ಮೊದಲು ಹೆತ್ತವರು ಇದನ್ನು ತಿಳಿದಿರಬೇಕು.

ನಮ್ಮ ಗಡಿನಾಡಿನಲ್ಲಿ ಭಾಷೆಯ ತೊಡಕೂ ಸೇರಿಕೊಂಡಿದೆ. ಪಡಿತರ ಚೀಟಿಯ ಅರ್ಜಿಯನ್ನು ಹೇಗೋ ಮಲೆಯಾಳದಲ್ಲಿ ತುಂಬಿಸಬಹುದು. ಎದೆಯೊಳಗಿನದನ್ನು ಹೇಳಿಕೊಳ್ಳಲು ಮನೆಮಾತೇ ಬೇಕು. ಸರಕಾರದ 'ಟೆಲಿ ಮಾನಸ್' ದೂರವಾಣಿಯಲ್ಲಿ (14416) ಭಾಷೆ ಆರಿಸುವ ಅವಕಾಶವಿದೆ, ಸಂತೋಷ. ಆದರೆ ಎದುರು ಕುಳಿತು ಕೇಳುವವರೂ ಬೇಕಲ್ಲ? ಕಾಸರಗೋಡು, ಮಂಜೇಶ್ವರ ತಾಲೂಕುಗಳ ಸರಕಾರಿ ಆಸ್ಪತ್ರೆಗಳಿಗೂ ಕನ್ನಡ ಶಾಲೆಗಳಿಗೂ ಕನ್ನಡ ಬಲ್ಲ, ಗುಟ್ಟು ಕಾಯುವ ಆಪ್ತಸಲಹೆಗಾರರನ್ನು ನೇಮಿಸಬೇಕೆಂದು ನಾವು ಸರಕಾರವನ್ನು ಒತ್ತಾಯಿಸುತ್ತೇವೆ.